ರದ್ದಿಯ ತಕ್ಕಡಿ ಮತ್ತು ಓದುಗನ ಕೈ: ಪುಣೆಯ ಹಳೆ ಪುಸ್ತಕದಂಗಡಿಯ ಒಂದು ದಿನ

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ಹಳೆ ಪುಸ್ತಕ ಮಾರುವ ಒಬ್ಬ ಮನುಷ್ಯನ ದಿನಚರಿ ಹೇಳ್ತೀನಿ. ಇದರಲ್ಲಿ ಇತಿಹಾಸ ಎಲ್ಲಿದೆ ಅಂತ ಕೇಳಬೇಡಿ, ಬರುತ್ತೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

2016ರಲ್ಲಿ ನಾವು ವಾಕಡದ ಬಾಡಿಗೆ ಮನೆ ಬದಲಿಸಿದೆವು. ಅಪ್ಪ ತೀರಿಕೊಂಡ ಮೇಲೆ ಹಾವೇರಿಯಿಂದ ತಂದಿದ್ದ ನಾಲ್ಕು ರಟ್ಟಿನ ಪೆಟ್ಟಿಗೆ ಪುಸ್ತಕ ಅಟ್ಟದ ಮೇಲೆ ಹಾಗೇ ಕೂತಿದ್ದವು. ಅಪ್ಪ ಶಾಲಾ ಮಾಸ್ತರ. ಕಾರಂತರು, ಬೇಂದ್ರೆ, ಮನೋಹರ ಗ್ರಂಥಮಾಲೆಯ ಪುಸ್ತಕಗಳು, ಒಂದಿಷ್ಟು ವ್ಯಾಕರಣ. ಎರಡು ವರ್ಷದಲ್ಲಿ ನಾನು ಒಂದು ಪೆಟ್ಟಿಗೆಯ ಟೇಪನ್ನೂ ಬಿಚ್ಚಿರಲಿಲ್ಲ. ಸಾಮಾನು ಸಾಗಿಸುವವರು ಪೆಟ್ಟಿಗೆಗೆ ಇಷ್ಟು ಅಂತ ರೇಟ್ ಹೇಳಿದಾಗ ನನ್ನ ತಲೆಗೆ ಲೆಕ್ಕ ಬಂತೇ ಹೊರತು ಅಪ್ಪ ಬರಲಿಲ್ಲ. ರದ್ದಿಯವನನ್ನು ಕರೆದೆ. 63 ಕಿಲೋ ತೂಗಿದವು. ಕಿಲೋಗೆ 12 ರೂಪಾಯಿಯಂತೆ 756 ರೂಪಾಯಿ ಕೊಟ್ಟು ಹೋದ.

ಮುಂದಿನ ವರ್ಷ ಅವ್ವ ಫೋನಿನಲ್ಲಿ ಕೇಳಿದಳು: "ಅಪ್ಪನ ಪುಸ್ತಕ ಛಲೋ ಇಟ್ಟೀಯಲ್ಲ?" ನಾನು "ಹ್ಞೂಂ" ಅಂದೆ.

ಆ ಒಂದು "ಹ್ಞೂಂ"ಕಾರ ನನ್ನನ್ನು ಅಪ್ಪಾ ಬಳವಂತ ಚೌಕಕ್ಕೆ ಕರೆದುಕೊಂಡು ಹೋಯಿತು.

ಪುಣೆಯಲ್ಲಿ ಇರುವವರಿಗೆ ಎಬಿಸಿ ಅಂದರೆ ಗೊತ್ತು. ಬಾಜೀರಾವ್ ರಸ್ತೆಯಲ್ಲಿ, ಶನಿವಾರ ವಾಡೆಯಿಂದ ನಡೆದು ಹೋಗುವಷ್ಟು ದೂರ. ಅಪ್ಪಾ ಬಳವಂತ ಮೆಹೆಂದಳೆ ಪೇಶ್ವೆ ಕಾಲದ ಸರದಾರ, ಅವನ ತಂದೆ ಬಳವಂತರಾವ್ ಪಾಣಿಪತ್ ದಂಡಯಾತ್ರೆಯಲ್ಲಿ ಮಡಿದವನು. ಇವತ್ತು ಆ ಹೆಸರು ಹೇಳಿದರೆ ಯಾರಿಗೂ ಸರದಾರ ನೆನಪಾಗಲ್ಲ. ಜೂನ್ ತಿಂಗಳು, ಪುಸ್ತಕದ ಪಟ್ಟಿ ಹಿಡಿದ ತಾಯಂದಿರು, ಬೈಂಡಿಂಗ್ ಅಂಟಿನ ವಾಸನೆ ನೆನಪಾಗುತ್ತೆ.

ಪುಣೆ ಪುಸ್ತಕದ ಊರಾಗಿದ್ದು ಒಂದೇ ದಿನದಲ್ಲಿ ಅಲ್ಲ. 1848ರಲ್ಲೇ ಇಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು, ಅದೇ ಇವತ್ತಿನ ಪುಣೆ ನಗರ ವಾಚನ ಮಂದಿರ. 1870ರ ದಶಕದಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ್ ನಿಬಂಧಮಾಲಾ ಪತ್ರಿಕೆ ನಡೆಸಿದರು, ಕಿತಾಬಖಾನಾ ಅಂತ ಪುಸ್ತಕದಂಗಡಿ ಹಾಕಿದರು, ಚಿತ್ರಶಾಲಾ ಮುದ್ರಣಾಲಯ ಕಟ್ಟಿದರು. 1881ರಲ್ಲಿ ಕೇಸರಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು ಬಂದವು. 1949ರಲ್ಲಿ ವಿಶ್ವವಿದ್ಯಾಲಯ, 1967ರಲ್ಲಿ ಪಠ್ಯಪುಸ್ತಕ ಮಾಡುವ ಬಾಲಭಾರತಿ. ವಿದ್ಯಾರ್ಥಿಗಳು ಹೆಚ್ಚಾದಷ್ಟೂ ಪುಸ್ತಕ ಕೈಯಿಂದ ಕೈಗೆ ಹೋಗೋದು ಹೆಚ್ಚಾಯಿತು. ಹೊಸ ಪುಸ್ತಕದಂಗಡಿಗಳ ಪಕ್ಕದಲ್ಲೇ ಹಳೆ ಪುಸ್ತಕದವರೂ ಬೇರೂರಿದರು.

ಸರಿ, ಇಲ್ಲಿ ಕನ್ನಡ ಪುಸ್ತಕ ಯಾಕೆ ಸಿಗುತ್ತೆ? ನಾವು ಐಟಿಯವರು ಮೊನ್ನೆ ಮೊನ್ನೆ ಹಿಂಜವಡಿಗೆ ಬಂದವರು, ನಮಗಿಂತ ಮುಂಚೆ ಇಲ್ಲಿ ಕನ್ನಡ ಇರಲಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ತಪ್ಪು. 1818ರಲ್ಲಿ ಪೇಶ್ವೆ ಆಡಳಿತ ಮುಗಿದ ಮೇಲೆ ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. 1956ರ ನವೆಂಬರ್ 1ರವರೆಗೂ ಅಲ್ಲೇ ಇದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಆ ಕಡೆಯ ಹುಡುಗ ಬಿ.ಎ. ಮಾಡಬೇಕು ಅಂದರೆ ರೈಲು ಹತ್ತಿ ಪುಣೆಗೋ ಮುಂಬಯಿಗೋ ಬರಬೇಕಿತ್ತು. ಆಲೂರ ವೆಂಕಟರಾಯರು ಫರ್ಗ್ಯುಸನ್‌ನಲ್ಲಿ ಓದಿದರು. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದೂ ಅಲ್ಲೇ. ವಿ.ಕೃ. ಗೋಕಾಕರು ಅಲ್ಲಿ ಪಾಠ ಹೇಳಿದರು. ಮುಂದೆ ಭಾಷಾವಿಜ್ಞಾನ ಕಲಿಯೋಕೆ ಡಿ.ಎನ್. ಶಂಕರ ಭಟ್ಟರು ಪುಣೆಗೆ ಬಂದರು. ಗಿರೀಶ ಕಾರ್ನಾಡರು 1974ರಲ್ಲಿ ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾದರು. ಇವರೆಲ್ಲ ದೊಡ್ಡವರು. ಇವರ ಜೊತೆಗೆ ಹೆಸರಿಲ್ಲದ ಗುಮಾಸ್ತರು, ರೈಲ್ವೆಯವರು, ಮಿಲಿಟರಿ ಲೆಕ್ಕಪತ್ರದವರು, ಮಾಸ್ತರರು ಸಾವಿರಾರು ಮಂದಿ ಬಂದರು. ಅವರ ಟ್ರಂಕಿನಲ್ಲಿ ಕನ್ನಡ ಪುಸ್ತಕ ಇರ್ತಿತ್ತು. ಅವರು ಹೋದ ಮೇಲೆ ಆ ಪುಸ್ತಕ ಎಲ್ಲಿ ಹೋಯಿತು ಅನ್ನೋದೇ ಇವತ್ತಿನ ಪ್ರಶ್ನೆ.

ಎಬಿಸಿಯ ಒಂದು ಗಲ್ಲಿಯಲ್ಲಿ, ಎಂಟಡಿ ಅಗಲದ ಅಂಗಡಿ ಮುಂದೆ ನಿಂತು ನನ್ನ ಹರಕು ಮುರುಕು ಮರಾಠಿಯಲ್ಲಿ ಕನ್ನಡ ಪುಸ್ತಕ ಇದೆಯಾ ಅಂತ ಕೇಳಿದೆ. ಅಷ್ಟರಲ್ಲಿ ಮನೆಯಿಂದ ಫೋನ್ ಬಂತು, ಕನ್ನಡದಲ್ಲಿ ಮಾತಾಡಿದೆ. ಫೋನ್ ಇಟ್ಟ ಮೇಲೆ ಅಂಗಡಿಯವರು ನಕ್ಕರು. "ಮೊದಲs ಹಿಂಗ ಮಾತಾಡಬೇಕಿಲ್ರಿ ಸರ? ಏನ ಹುಡಕಾಕತ್ತೀರಿ?"

ಅವರು ಅಕ್ಕಲಕೋಟ ತಾಲೂಕಿನವರು. ವಯಸ್ಸು ಅರವತ್ತರ ಆಸುಪಾಸು. ಹೆಸರು ಬೇಡ ಅಂದಿದ್ದಾರೆ, ನಾನು ಕಾಕಾ ಅಂತೀನಿ. ಅವರಪ್ಪ ಪುಣೆಗೆ ಬಂದು ಬೈಂಡರ್ ಹತ್ತಿರ ಕೆಲಸಕ್ಕೆ ಸೇರಿದ್ದರು. ಮನೆಯಲ್ಲಿ ಅವ್ವನ ಜೊತೆ ಕನ್ನಡ, ಶಾಲೆಯಲ್ಲಿ ಮರಾಠಿ. ನಾನು ಖುಷಿಯಿಂದ, ಹಾಗಾದರೆ ಕನ್ನಡ ಪುಸ್ತಕ ತೆಗೆದಿಡ್ತೀರಲ್ಲ ಅಂದೆ. "ಮಾತಾಡಾಕ ಬರ್ತದ್ರಿ. ಓದಾಕ ಬರಂಗಿಲ್ಲ," ಅಂದರು. ಈ ಮಾತು ನೆನಪಿಟ್ಟುಕೊಳ್ಳಿ.

ಆ ಮೇಲೆ ಎಷ್ಟೋ ಶನಿವಾರ ಅವರ ಜೊತೆ ಕಳೆದೆ. ಅವರ ದಿನ ಶುರುವಾಗೋದು ಅಂಗಡಿಯಲ್ಲಲ್ಲ, ರದ್ದಿ ಗೋದಾಮಿನಲ್ಲಿ. ಬೆಳಗ್ಗೆ ಏಳಕ್ಕೆ ಹೋಗ್ತಾರೆ. ಅಲ್ಲಿ ಮೂರು ಗುಡ್ಡೆ: ಪೇಪರ್, ಬಿಳಿ ಹಾಳೆ, ಪುಸ್ತಕ. ಗಟ್ಟಿ ರಟ್ಟನ್ನು ಕಿತ್ತು ಬೇರೆ ಹಾಕ್ತಾರೆ. ಲಾರಿ ಬಂದರೆ ಎಲ್ಲ ಕಾಗದದ ಗಿರಣಿಗೆ. ಹಾಗಾಗಿ ಲಾರಿಗಿಂತ ಮುಂಚೆ ಹೋಗಬೇಕು. ಕೆಳಗೆ ಕೂತು, ಒಂದೊಂದು ಪುಸ್ತಕದ ಬೆನ್ನು ನೋಡಿ, ಎರಡು ಸೆಕೆಂಡಿನಲ್ಲಿ ಬೇಕು ಬೇಡ ಅನ್ನೋದು ನಿರ್ಧಾರ. ಕಿಲೋ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು ತಗೊಂಡು ಬರ್ತಾರೆ.

ಹತ್ತೂವರೆಗೆ ಶಟರ್ ಎತ್ತೋದು. ದೇವರಿಗೆ ಊದುಬತ್ತಿ. ಆಮೇಲೆ ಒಣ ಬಟ್ಟೆಯಿಂದ ಧೂಳು ಒರೆಸೋದು, ಹಳೇ ಮಾಲೀಕನ ಪೆನ್ಸಿಲ್ ಗುರುತು ಅಳಿಸೋದು, ಕಿತ್ತ ಪುಟಕ್ಕೆ ಅಂಟು ಹಚ್ಚಿ ಮೇಲೆ ಭಾರ ಇಡೋದು. ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಬೆಲೆ. ಅದರ ಪಕ್ಕ ಇನ್ನೊಂದು ಸಣ್ಣ ಗುರುತು, ಅದು ತಾವು ಕೊಂಡ ಬೆಲೆ. ಆ ಗುರುತಿನ ಲಿಪಿ ಅವರಿಗೆ ಮಾತ್ರ ಗೊತ್ತು. ಮುಂದಿನ ಸಾಲಿನಲ್ಲಿ ಎಂಪಿಎಸ್‌ಸಿ, ಯುಪಿಎಸ್‌ಸಿ ಪುಸ್ತಕ, ಇಂಜಿನಿಯರಿಂಗ್ ಪುಸ್ತಕ. ಕಥೆ ಕಾದಂಬರಿ ಒಳಗೆ. ಹಳೆಯದು, ಅಪರೂಪದ್ದು ಮೇಲಿನ ಹಲಗೆಯಲ್ಲಿ, ಕೇಳಿದವರಿಗೆ ಮಾತ್ರ.

ಒಂದರಿಂದ ನಾಲ್ಕು ಶಟರ್ ಅರ್ಧ ಕೆಳಗೆ. ಪುಣೆಯ ಮಧ್ಯಾಹ್ನದ ನಿದ್ದೆಯ ಜೋಕ್ ನೀವೆಲ್ಲ ಕೇಳಿರ್ತೀರಿ. ಕಾಕಾ ಮಲಗಲ್ಲ. ಅದು ಮನೆಗಳಿಗೆ ಹೋಗುವ ಹೊತ್ತು. ಯಾರೋ ತೀರಿಕೊಂಡಿರ್ತಾರೆ, ಹಳೆ ವಾಡೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರಿರ್ತಾರೆ, ಮಕ್ಕಳು ಅಮೆರಿಕದಿಂದ ಹತ್ತು ದಿನದ ರಜೆ ಹಾಕಿ ಮನೆ ಖಾಲಿ ಮಾಡೋಕೆ ಬಂದಿರ್ತಾರೆ. "ಸತ್ತ ಮನಿಗೆ ಹೋದಾಗ ಮೊದಲು ಚಾ ಕುಡೀಬೇಕ್ರಿ. ರೇಟ್ ಆಮ್ಯಾಲ," ಅಂತಾರೆ ಕಾಕಾ. ಪುಸ್ತಕದೊಳಗೆ ಸಿಕ್ಕ ಪತ್ರ, ಫೋಟೊ, ಒಮ್ಮೊಮ್ಮೆ ನೋಟು, ಎಲ್ಲ ಮನೆಯವರಿಗೆ ವಾಪಸ್. ಅದು ಅವರ ಅಪ್ಪ ಹಾಕಿಕೊಟ್ಟ ನಿಯಮ.

ಸಂಜೆ ಐದರಿಂದ ಒಂಬತ್ತು ನಿಜವಾದ ವ್ಯಾಪಾರ. ಅರ್ಧ ಬೆಲೆಗೆ ಮಾರೋದು, ಪರೀಕ್ಷೆ ಮುಗಿದ ಮೇಲೆ ಅದನ್ನೇ ಇನ್ನೂ ಕಡಿಮೆಗೆ ವಾಪಸ್ ತಗೊಳ್ಳೋದು. ಒಂದು ಗಣಿತದ ಪುಸ್ತಕ ನಾಲ್ಕು ಸಲ ಅವರ ಅಂಗಡಿಗೆ ಮರಳಿ ಬಂದದ್ದುಂಟು. ಇದರಲ್ಲಿ ಅವರಿಗೆ ಹೆದರಿಕೆ ಒಂದೇ: ಸಿಲೆಬಸ್ ಬದಲಾಗೋದು. ಇಲ್ಲಿ ಇಂಜಿನಿಯರಿಂಗ್ ಓದಿದವರಿಗೆ 2012 ಪ್ಯಾಟರ್ನ್, 2015 ಪ್ಯಾಟರ್ನ್, 2019 ಪ್ಯಾಟರ್ನ್ ಗೊತ್ತು. ನಮಗದು ಮಾರ್ಕ್ಸ್ ಕಾರ್ಡಿನ ಮೇಲಿನ ಒಂದು ಸಾಲು. ಕಾಕಾಗೆ ಅದು ರಾತ್ರೋರಾತ್ರಿ ರದ್ದಿಯಾದ ಬಂಡವಾಳ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಇನ್ನೂ ಕೆಟ್ಟದಾಯಿತು. ವರ್ಷದ ಗಳಿಕೆಯ ಬಹುಪಾಲು ಜೂನ್‌ನಲ್ಲಿ ಬರೋದು. ಆ ಜೂನ್ ಬರಲೇ ಇಲ್ಲ.

ಉಳಿದ ಶತ್ರುಗಳು ಮಳೆ, ಗೆದ್ದಲು, ಪುಸ್ತಕದ ಹುಳ. ಡಾಂಬರು ಗುಳಿಗೆ, ಒಣ ಬೇವಿನ ಎಲೆ, ಮಳೆಗಾಲದಲ್ಲಿ ಪ್ಲಾಸ್ಟಿಕ್ ತಾಡಪಾಲು. ನದಿಯ ಹತ್ತಿರದ ಪೇಟೆಗಳ ಹಳಬರು ಕೆಳಗಿನ ಹಲಗೆಯಲ್ಲಿ ಒಳ್ಳೆ ಪುಸ್ತಕ ಇಡಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಶನಿವಾರ ಪೇಟೆ, ನಾರಾಯಣ ಪೇಟೆ, ಡೆಕ್ಕನ್ ಜಿಮ್ಖಾನಾ ಎಲ್ಲ ಮುಳುಗಿಸಿತು. ಕಾಕಾ ಆಗ ಹುಟ್ಟಿರಲಿಲ್ಲ. ಆದರೂ ಅವರ ಕೆಳಗಿನ ಹಲಗೆಯಲ್ಲಿ ಇವತ್ತಿಗೂ ಹಳೆ ಗೈಡುಗಳೇ ಇವೆ. ಪ್ರವಾಹದ ನೆನಪು ಹೀಗೂ ಉಳಿಯುತ್ತೆ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಒಂದು ದಿನ ಕೇಳಿದೆ: "ಕಾಕಾ, ಗೋದಾಮಿನ್ಯಾಗ ಕನ್ನಡ ಪುಸ್ತಕ ಬರೂದs ಇಲ್ಲೇನ್ರಿ?"

"ಬರ್ತಾವ್ರಿ. ತಿಂಗಳಿಗೊಮ್ಮೆರ ಬರ್ತಾವ. ಆದ್ರ ಏನಂತ ತಿಳದ ತಗೋಲಿ? ಕಥಿನೋ, ಪುರಾಣನೋ, ಶಾಲಿ ಪುಸ್ತಕನೋ ಗೊತ್ತಾಗಬೇಕಲ್ಲ. ಯಾರಿಗೆ ಮಾರಲಿ, ಎಷ್ಟಕ್ಕ ಮಾರಲಿ? ಬಿಟ್ಟ ಬರ್ತೀನ್ರಿ."

ಇಷ್ಟೇ. ದ್ವೇಷ ಇಲ್ಲ, ಗಡಿ ಜಗಳ ಇಲ್ಲ, ರಾಜಕೀಯ ಇಲ್ಲ. ತಕ್ಕಡಿ ಮುಂದೆ ಕೂತವನಿಗೆ ಬೆನ್ನಿನ ಮೇಲಿನ ಹೆಸರು ಓದೋಕೆ ಬಂದರೆ ಪುಸ್ತಕ ಬದುಕುತ್ತೆ, ಬರದಿದ್ದರೆ ಗಿರಣಿಗೆ ಹೋಗುತ್ತೆ. ಆ ಎರಡು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತೆ.

ಬೆಂಗಳೂರಿನಲ್ಲಿ 1945ರಲ್ಲಿ ಕೆ.ಬಿ.ಕೆ. ರಾವ್ ಶುರು ಮಾಡಿ, ಮಗ ಕೆ.ಕೆ.ಎಸ್. ಮೂರ್ತಿ ಮುಂದುವರಿಸಿದ ಸೆಲೆಕ್ಟ್ ಬುಕ್‌ಶಾಪ್ ಇದೆ. ಇಂಜಿನಿಯರಿಂಗ್ ಓದ್ತಾ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರಿ, ಮುಂದೆ ಬ್ಲಾಸಮ್ ಕಟ್ಟಿದ ಮಾಯಿ ಗೌಡರು ಇದ್ದಾರೆ. ಅವರ ಕೈಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟಿನ ಮೊದಲ ಪ್ರತಿ ಸಿಕ್ಕರೆ ಅದು ಏನು ಅಂತ ಕೂಡಲೇ ಗೊತ್ತಾಗುತ್ತೆ. ಕಿಟ್ಟೆಲ್‌ಗಾದರೆ ಇಂಗ್ಲಿಷ್ ಹೆಸರೂ ಇದೆ, ಪುಣೆಯಲ್ಲೂ ಬದುಕಿಕೊಂಡೀತು. ಪೂರ್ತಿ ಕನ್ನಡದಲ್ಲೇ ಇರುವ, ಇಸವಿಯನ್ನೂ ೧೯೫೩ ಅಂತ ಕನ್ನಡ ಅಂಕಿಯಲ್ಲೇ ಅಚ್ಚು ಹಾಕಿದ ಪುಸ್ತಕ ಇಲ್ಲಿ ಮೂಕ. ಆನ್‌ಲೈನ್ ಇದೆಯಲ್ಲ ಅಂತೀರಿ. ಆನ್‌ಲೈನ್ ಮಾರುವವರು ಬಾರ್‌ಕೋಡ್ ಸ್ಕ್ಯಾನ್ ಮಾಡಿ ಬೆಲೆ ನೋಡ್ತಾರೆ. ಐಎಸ್‌ಬಿಎನ್ ಅಂತಾರಾಷ್ಟ್ರೀಯ ಮಾನದಂಡ ಆಗಿದ್ದೇ 1970ರಲ್ಲಿ. ಅಪ್ಪನ ಪೆಟ್ಟಿಗೆಯಲ್ಲಿದ್ದ ಬಹಳಷ್ಟು ಪುಸ್ತಕ ಅದಕ್ಕಿಂತ ಹಳೆಯವು.

ಓದಲು ಬರದ ಲಿಪಿ ರದ್ದಿಯಾಗುವ ಕಥೆ ಪುಣೆಗೆ ಹೊಸದಲ್ಲ. ಪೇಶ್ವೆಗಳ ಕಾಗದಪತ್ರ ಇದ್ದದ್ದು ಮೋಡಿ ಲಿಪಿಯಲ್ಲಿ. ಶಾಲೆ, ಅಚ್ಚು ಎರಡೂ ದೇವನಾಗರಿಗೆ ಹೋದ ಮೇಲೆ ಮೋಡಿ ಓದುವವರು ಕಡಿಮೆಯಾದರು. ಅಜ್ಜನ ಕಾಗದ ಮೊಮ್ಮಗನಿಗೆ ಬರೀ ಗೀಚಾಗಿ ಕಂಡಿತು. ಅಂಥ ಹೊತ್ತಿನಲ್ಲಿ ವಿ.ಕಾ. ರಾಜವಾಡೆ ಊರೂರು ಅಲೆದು, ವಾಡೆಗಳ ಅಟ್ಟದಲ್ಲಿ ಕೂತು ಕಾಗದ ಹೆಕ್ಕಿದರು. 1898ರಿಂದ ಅವನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದರು, 1910ರಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿದರು. ಆ ಮೇಲೆ ಜಿ.ಎಸ್. ಸರದೇಸಾಯಿ ಪೇಶ್ವೆ ದಫ್ತರದಿಂದ ಆರಿಸಿದ 45 ಸಂಪುಟಗಳು ಬಂದವು. ಕಾಗದ ಉಳಿದದ್ದರಿಂದ ಮಾತ್ರ ಇತಿಹಾಸ ಉಳಿಯಲಿಲ್ಲ. ಓದಬಲ್ಲವನೊಬ್ಬ ಸರಿಯಾದ ಹೊತ್ತಿಗೆ ಅಟ್ಟ ಹತ್ತಿದ್ದರಿಂದ ಉಳಿಯಿತು.

ನಮ್ಮ ಕಡೆಯೂ ಶಾಲೆಯದೇ ಕಥೆ. 19ನೇ ಶತಮಾನದ ಮಧ್ಯದಲ್ಲಿ ಧಾರವಾಡ ಸೀಮೆಯ ಶಾಲೆಗಳಲ್ಲಿ ಮರಾಠಿಯದೇ ಜೋರು. ರಸೆಲ್, ಡೆಪ್ಯುಟಿ ಚನ್ನಬಸಪ್ಪ ಅಂಥವರು ದುಡಿದ ಮೇಲೆ ಕನ್ನಡ ಶಾಲೆ ಬೆಳೆದವು. ಅವರು ದುಡಿಯದಿದ್ದರೆ ನಮ್ಮಪ್ಪನೂ ಕಾಕಾನ ಹಾಗೆ "ಮಾತಾಡಾಕ ಬರ್ತದ, ಓದಾಕ ಬರಂಗಿಲ್ಲ" ಅಂತಿದ್ದರೇನೋ.

ಇದನ್ನೆಲ್ಲ ಯೋಚನೆ ಮಾಡ್ತಾ ಒಂದು ರಾತ್ರಿ ನನ್ನ ಮಗಳನ್ನು ನೋಡಿದೆ. ಆಗ ಅವಳಿಗೆ ಒಂಬತ್ತು. ಪುಣೆಯಲ್ಲೇ ಹುಟ್ಟಿದವಳು. ಅಜ್ಜಿ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಕನ್ನಡದ ಒಂದು ಅಕ್ಷರ ಗೊತ್ತಿಲ್ಲ. ಕಾಕಾನಿಗೆ ಓದು ಬರಲ್ಲ ಅಂತ ನಾನು ಒಳಗೊಳಗೇ ಬೇಜಾರು ಮಾಡಿಕೊಂಡಿದ್ದೆ. ನನ್ನ ಮನೆಯಲ್ಲೇ ಇನ್ನೊಬ್ಬ ಕಾಕಾನನ್ನು ಬೆಳೆಸ್ತಾ ಇದ್ದೆ. ನಾನು ಹೋದ ಮೇಲೆ ನನ್ನ ಪುಸ್ತಕದ ಕಪಾಟಿನ ಮುಂದೆ ಅವಳು ನಿಂತರೆ ಅವಳಿಗೂ ಅದು ಕಿಲೋ ಲೆಕ್ಕವೇ. ನನಗಾದರೂ ಓದೋಕೆ ಬರುತ್ತಿತ್ತು, ಸೋಮಾರಿತನ ಮಾಡಿದೆ. ಅವಳಿಗೆ ಆ ಆಯ್ಕೆಯೂ ಇರಲ್ಲ.

ದೊಡ್ಡ ಕೆಲಸ ಏನೂ ಮಾಡಲಿಲ್ಲ. 200 ಪುಟದ ಒಂದು ನೋಟ್‌ಬುಕ್ ತಂದೆ. ಎಡಗಡೆ ನಾನು ಕನ್ನಡದಲ್ಲಿ ಬರೆದೆ: ಕಾದಂಬರಿ, ನಾಟಕ, ಕವನ, ಪ್ರಕಾಶನ, ಧಾರವಾಡ, ಮೈಸೂರು. ಆಮೇಲೆ ಲೇಖಕರ ಹೆಸರು, ನೂರೈವತ್ತು. ಆಮೇಲೆ ಒಂದರಿಂದ ಸೊನ್ನೆವರೆಗೆ ಅಂಕಿ. ಬಲಗಡೆ ಮಗಳು ಅದನ್ನೇ ದೇವನಾಗರಿಯಲ್ಲಿ ಬರೆದಳು, ನಾನು ಓದಿ ಹೇಳಬೇಕು, ಅವಳು ಬರೀಬೇಕು. ಹತ್ತನೇ ಹೆಸರಿಗೆ "ಪಪ್ಪಾ, ಈ ಸುತ್ತು ಇರೋದು 'ರ' ಅಲ್ವಾ? ಮೊದಲೂ ಬಂದಿತ್ತು" ಅಂದಳು. ನಾನು ಕಲಿಸಿರಲಿಲ್ಲ.

ನೋಟ್‌ಬುಕ್ ಕಾಕಾಗೆ ಕೊಟ್ಟೆ. ಮೊದಲು ನಕ್ಕರು, ಈ ವಯಸ್ಸಿನಲ್ಲಿ ಶಾಲೆಗೆ ಹಾಕ್ತೀರಾ ಅಂತ. ಆಮೇಲೆ ಅಂಕಿ ಪುಟ ನೋಡಿ, "ಎರಡು, ಮೂರು ನಮ್ಮಂಗs ಅದಾವಲ್ರಿ" ಅಂದರು. ಅಲ್ಲಿಂದ ಶುರುವಾಯಿತು. ಈಗ ಗೋದಾಮಿಗೆ ಹೋಗುವಾಗ ಅದು ಅವರ ಚೀಲದಲ್ಲಿ ಇರುತ್ತೆ. ಗೊತ್ತಾಗದಿದ್ದರೆ ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡ್ತಾರೆ, ನಾನು ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಕೂತೇ ಉತ್ತರ ಕೊಡ್ತೀನಿ. ಒಂದು ವರ್ಷದಲ್ಲಿ ಒಂದು ಹಲಗೆ ತುಂಬಿತು. ಕೊಳ್ಳುವವರೂ ಬರ್ತಾರೆ, ಹೆಚ್ಚಾಗಿ ನಿಮ್ಮಂಥವರೇ.

ಮೊದಲು ಅವರು ತಾವೇ ಓದಿ ಆರಿಸಿ ತಂದ ಪುಸ್ತಕ "ಗಂಗವ್ವ ಗಂಗಾಮಾಯಿ". 1956ರ ಕಾದಂಬರಿ, ಧಾರವಾಡದ ಶಂಕರ ಮೊಕಾಶಿ ಪುಣೇಕರರದ್ದು. ಹೆಸರಿನ ಕೊನೆಯ ತುದಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರಂತೆ: "ಪು-ಣೇ-ಕ-ರ. ಅರೇ, ಇಂವಾ ನಮ್ಮವನs!" ಅಂತ. ಮುಖಪುಟದ ಒಳಗೆ ಯಾರದೋ ಹೆಸರು, ಮಸಿ ಮಾಸಿತ್ತು. ಅಪ್ಪನದಲ್ಲ. ಅಪ್ಪನ ಯಾವ ಪುಸ್ತಕವೂ ನನಗೆ ಸಿಗಲಿಲ್ಲ, ಇನ್ನು ಸಿಗೋದೂ ಇಲ್ಲ. ಆ ಲಾರಿ ಯಾವತ್ತೋ ಹೋಗಿದೆ.

ಕೇಳಿಸಿಕೊಂಡವರಿಗೆ ನಾಲ್ಕು ಮಾತು, ಕಾಕಾ ಹೇಳಿದ್ದು. ಒಂದು, ಪುಸ್ತಕ ತೆಗೆಯಲೇಬೇಕು ಅಂದರೆ ರದ್ದಿಯವನಿಗಿಂತ ಮೊದಲು ಹಳೆ ಪುಸ್ತಕದವರಿಗೆ ಫೋನ್ ಮಾಡಿ. ಎರಡು, ಪ್ರತಿ ಕನ್ನಡ ಪುಸ್ತಕದೊಳಗೆ ಒಂದು ಚೀಟಿ ಇಡಿ, ಹೆಸರು, ಲೇಖಕ, ಇಸವಿ ದೇವನಾಗರಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಮೂರು, ಮಳೆಗಾಲದಲ್ಲಿ ಕೊಡಬೇಡಿ. ನಾಲ್ಕು, ಹೆಸರು ಬರೆದ ಪುಟ ಹರಿಯಬೇಡಿ. ಯಾರ ಮನೆಯಿಂದ ಬಂತು ಅನ್ನೋದೂ ಪುಸ್ತಕದ ಇತಿಹಾಸ. ಐದನೆಯದು ನನ್ನದು: ಮಕ್ಕಳಿಗೆ ಮಾತಿನ ಜೊತೆ ಅಕ್ಷರವನ್ನೂ ಕೊಡಿ. ದಿನಕ್ಕೆ ಹತ್ತು ನಿಮಿಷ ಸಾಕು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ನಿಜ ಹೇಳಿದೆ. ಅಡುಗೆ ಮನೆಯಲ್ಲಿ ಶೇಂಗಾ ಹುರೀತಿದ್ದಳು. ಸ್ವಲ್ಪ ಹೊತ್ತು ಸೌಟು ಆಡಿಸ್ತಾನೇ ಇದ್ದಳು. ಆಮೇಲೆ "ಎಷ್ಟ ಕಿಲೋ ಆದುವೋ?" ಅಂತ ಕೇಳಿದಳು. 63 ಅಂದೆ. "ಅಷ್ಟನs? ಭಾಳ ಇದ್ದವು ಅಂತ ತಿಳದಿದ್ದೆ," ಅಂದಳು.

ಹೊರಗೆ ಪಡಸಾಲೆಯಲ್ಲಿ ಮಗಳು ಗೋಡೆಯ ಕ್ಯಾಲೆಂಡರಿನ ತಿಂಗಳ ಹೆಸರನ್ನು ಬೆರಳಿಟ್ಟು ಓದ್ತಾ ಇದ್ದಳು. ತಡವರಿಸಿ, ತಪ್ಪು ತಪ್ಪಾಗಿ.